ಹೊರಟವರ ಲೆಕ್ಕ, ಹೊರಡದವರ ಲೆಕ್ಕ

ಈ ಅಂಕಣಕ್ಕೆ ಬರುವ ಪತ್ರಗಳಲ್ಲಿ ಒಂದು ಪ್ರಶ್ನೆ ಮಳೆಗಾಲ ಬೇಸಿಗೆ ಎನ್ನದೆ ಬರುತ್ತಲೇ ಇರುತ್ತದೆ. ಊರು ಬಿಡುವವರು ಹೊಟ್ಟೆಗಿಲ್ಲದೆ ಬಿಡುತ್ತಾರೋ, ಆಸೆಗೆ ಬಿದ್ದು ಬಿಡುತ್ತಾರೋ? ಶಿರಸಿ ಕಡೆಯ ನಿವೃತ್ತ ಮೇಷ್ಟ್ರೊಬ್ಬರು ಕೇಳುವಾಗ ಅದರಲ್ಲಿ ಸಿಟ್ಟಿರುತ್ತದೆ. ತೋಟ ಇದೆ, ಮನೆ ಇದೆ, ಆದರೂ ಮಗ ಬೆಂಗಳೂರಿನ ಬಾಡಿಗೆ ಮನೆಯಲ್ಲಿದ್ದಾನೆ. ಲಿಂಗಸುಗೂರಿನ ಯುವಕ ಕೇಳುವಾಗ ದನಿ ಬೇರೆ: ನಮ್ಮನ್ನು ಬರೀ ಗುಳೆ ಹೋಗುವ ಜನ ಅಂತಲೇ ಬರೆಯುತ್ತೀರಲ್ಲ, ನಮಗೂ ಒಂದು ಆಸೆ ಅಂತ ಇರಬಾರದೇ? ಇಬ್ಬರಿಗೂ ಉತ್ತರ ಕೊಡಬೇಕೆಂದರೆ ಮೊದಲು ಆಸೆಯನ್ನು ಅಳೆಯಲು ಸಾಧ್ಯವೇ ಎಂದು ನೋಡಬೇಕು. ಸಾಧ್ಯ ಎನ್ನುವವರು ಇದ್ದಾರೆ. ಅವರು ಹೇಗೆ ಅಳೆಯುತ್ತಾರೆ, ಎಲ್ಲಿ ಎಡವುತ್ತಾರೆ ಎಂಬುದೇ ಇವತ್ತಿನ ಮಾತು.

ನಮ್ಮ ಜನಗಣತಿ 1981ರಿಂದ ವಲಸೆಯ ಕಾರಣ ಕೇಳುತ್ತ ಬಂದಿದೆ. ಅದಕ್ಕೂ ಮುಂಚೆ ಹುಟ್ಟಿದ್ದು ಎಲ್ಲಿ, ಹಿಂದೆ ಇದ್ದದ್ದು ಎಲ್ಲಿ ಎಂದು ಬರೆದುಕೊಂಡರೆ ಮುಗಿಯುತ್ತಿತ್ತು. 2011ರ ನಮೂನೆಯಲ್ಲಿ ಕಾರಣಕ್ಕೆ ಇದ್ದ ಆಯ್ಕೆಗಳು ಇಷ್ಟು: ಕೆಲಸ, ವ್ಯಾಪಾರ, ಓದು, ಮದುವೆ, ಹುಟ್ಟಿದ ಮೇಲೆ ಬಂದದ್ದು, ಮನೆಯವರ ಜೊತೆ ಬಂದದ್ದು, ಇತರೆ. ಒಬ್ಬರಿಗೆ ಒಂದೇ ಕಾರಣ. ಸುಮಾರು 45.6 ಕೋಟಿ ಜನ, ಅಂದರೆ ದೇಶದ ಜನಸಂಖ್ಯೆಯ ಶೇ 37ಕ್ಕೂ ಹೆಚ್ಚು ಮಂದಿ, ಈ ಏಳು ಖಾನೆಗಳಲ್ಲಿ ಹಂಚಿಹೋದರು.

ಬೆಂಗಳೂರಿನ ಹೊರವರ್ತುಲ ರಸ್ತೆಯ ಆಚೆ ಕಟ್ಟಡ ಏಳುವ ಕಡೆಗಳಲ್ಲಿ ತಗಡಿನ ಶೆಡ್ಡುಗಳ ಸಾಲು ಇರುತ್ತದೆ. ಅಲ್ಲಿ ಯಾರನ್ನೇ ಆಗಲಿ, ಯಾಕೆ ಬಂದಿರಿ ಎಂದು ಕೇಳಿದರೆ ಬರುವ ಉತ್ತರ, "ಹೊಟ್ಟಿಪಾಡ್ರಿ ಸರ, ಇನ್ನೇನೈತಿ." ಅಧಿಕಾರಿ ಕೇಳಲಿ, ಪತ್ರಕರ್ತ ಕೇಳಲಿ, ಉತ್ತರ ಅದೇ. ಪ್ಯಾಂಟು ಶರಟು ಹಾಕಿಕೊಂಡು ಬಂದವನಿಗೆ ಹೇಳಿ ಕಳಿಸಲು ಇಟ್ಟುಕೊಂಡ ಉತ್ತರ ಅದು. ಚಹಾ ಕುಡಿದು, ಮಳೆ ಬೆಳೆ ಮಾತಾಡಿ, ಹೊತ್ತು ಕಳೆದ ಮೇಲೆ ಯಾದಗಿರಿ ಕಡೆಯ ಹೆಂಗಸೊಬ್ಬರು ನನಗೆ ಹೇಳಿದ್ದು ಬೇರೆ. "ಊರಾಗ ಕೂಲಿ ಇಲ್ಲಂತಲ್ರಿ. ಹತ್ತಿ ಬಿಡ್ಸೋ ಟೈಮಿಗೆ ಸಿಗ್ತೈತಿ. ಆದ್ರ ಆ ಕೂಲಿಯಾಗ ಮಗಳ್ನ ನರ್ಸಿಂಗ್ ಓದ್ಸಾಕ ಆಗಲ್ರಿ." ಸ್ವಲ್ಪ ಸುಮ್ಮನಿದ್ದು ಇನ್ನೊಂದು ಮಾತು ಸೇರಿಸಿದರು. "ಇಲ್ಲಿ ಯಾರೂ ನೀವು ಯಾರ ಪೈಕಿ ಅಂತ ಕೇಳಲ್ಲ ನೋಡ್ರಿ." ಹೀಗೆ ಜಾತಿ ಕೇಳುವ ಹಳ್ಳಿಯ ಬಗ್ಗೆ ಅಂಬೇಡ್ಕರ್ ಅವರು ಸಂವಿಧಾನ ಸಭೆಯಲ್ಲಿ ಕಟುವಾಗಿ ಮಾತಾಡಿದ್ದು 1948ರ ನವೆಂಬರಿನಲ್ಲಿ. ಆ ಹೆಂಗಸಿಗೆ ಅದು ಗೊತ್ತಿರಬೇಕಾಗಿಯೇ ಇಲ್ಲ. ಗಣತಿದಾರ ಬಂದರೆ ಅವರ ಹೆಸರಿನ ಮುಂದೆ 'ಕೆಲಸ' ಎಂದು ಬರೆದುಕೊಂಡು ಹೋಗುತ್ತಾನೆ. ಅಥವಾ ಗಂಡನ ಹೆಸರಿನ ಮುಂದೆ 'ಕೆಲಸ' ಬರೆದು, ಇವರ ಹೆಸರಿನ ಮುಂದೆ 'ಮನೆಯವರ ಜೊತೆ' ಎಂದು ಬರೆಯುತ್ತಾನೆ. ಮಗಳ ನರ್ಸಿಂಗೂ ಇಲ್ಲ, 'ಯಾರ ಪೈಕಿ'ಯೂ ಇಲ್ಲ.

ಇನ್ನು ಮದುವೆಯ ಖಾನೆ. ಅದರಷ್ಟು ದೊಡ್ಡ ಚೀಲ ಇಡೀ ನಮೂನೆಯಲ್ಲಿ ಇನ್ನೊಂದಿಲ್ಲ. 2020–21ರ ಕಾರ್ಮಿಕ ಬಲ ಸಮೀಕ್ಷೆಯ ಪ್ರಕಾರ ದೇಶದ ಗಂಡಸರಲ್ಲಿ ವಲಸಿಗರು ಶೇ 10.7, ಹೆಂಗಸರಲ್ಲಿ ಶೇ 47.9. ಆ ಹೆಂಗಸರಲ್ಲಿ ಶೇ 86.8ರಷ್ಟು ಮಂದಿಯ ಕಾರಣ ಮದುವೆ. ಇದನ್ನು ನೋಡಿದ ಅರ್ಥಶಾಸ್ತ್ರಜ್ಞರು ಅದು ಸಾಮಾಜಿಕ ಪದ್ಧತಿ ಎಂದು ಆ ಅಂಕಿಯನ್ನು ಪಕ್ಕಕ್ಕಿಟ್ಟು, ಗಂಡಸರ ವಲಸೆಯ ಲೆಕ್ಕಕ್ಕೆ ಇಳಿದುಬಿಡುತ್ತಾರೆ. ನನಗೆ ಇದು ಸರಿ ಕಾಣುವುದಿಲ್ಲ. ಮಂಡ್ಯ ಜಿಲ್ಲೆಯ ಅವಿವಾಹಿತ ಯುವ ರೈತರು 2023ರ ಫೆಬ್ರುವರಿಯಲ್ಲಿ ಮಲೆ ಮಹದೇಶ್ವರ ಬೆಟ್ಟಕ್ಕೆ ಪಾದಯಾತ್ರೆ ಹೋದದ್ದು ನಿಮಗೆ ನೆನಪಿರಬಹುದು. ಹೊಲ ಗದ್ದೆ ಇದ್ದರೂ ಹೆಣ್ಣು ಸಿಗುತ್ತಿಲ್ಲ, ಮಾದಪ್ಪ ಕಣ್ಣು ಬಿಡಲಿ ಎಂಬುದು ಹರಕೆ. ಟೀವಿಯವರು ನಗುತ್ತ ತೋರಿಸಿದರು. ನಗುವಂಥದ್ದು ಅದರಲ್ಲಿ ಏನೂ ಇರಲಿಲ್ಲ. ಉತ್ತರ ಕನ್ನಡ, ಶಿವಮೊಗ್ಗದ ಅಡಿಕೆ ತೋಟದ ಮನೆಗಳಲ್ಲೂ ಇದೇ ಕಥೆ.

ಹೆಣ್ಣುಮಕ್ಕಳ ಸಂಖ್ಯೆಯೇ ಕಡಿಮೆಯಾದದ್ದು ಇದಕ್ಕೆ ಒಂದು ಕಾರಣ, ಅದನ್ನು ಮರೆಯುವಂತಿಲ್ಲ. ಆದರೆ ಇರುವ ಹೆಣ್ಣುಮಕ್ಕಳು ಏನು ಬಯಸುತ್ತಿದ್ದಾರೆ ಎಂಬುದು ಆ ಪಾದಯಾತ್ರೆಯಲ್ಲಿ ಯಾವ ಸಮೀಕ್ಷೆಗೂ ಸಿಗದಷ್ಟು ಸ್ಪಷ್ಟವಾಗಿ ಕಾಣಿಸಿತು. ಹುಡುಗ ಬೆಂಗಳೂರಿನಲ್ಲಿರಬೇಕು ಎಂಬ ಷರತ್ತು ಹುಡುಗನ ಬಗ್ಗೆ ಮಾತ್ರ ಹಾಕಿದ್ದಲ್ಲ. ಬಸ್ಸು ಹತ್ತಿ ಒಬ್ಬಳೇ ಹೋಗಿ ಕೆಲಸ ಹುಡುಕಲು ಮನೆಯವರು ಬಿಡದ ಕಡೆ, ಊರು ದಾಟಲು ಅವಳಿಗೆ ಇರುವ ದಾರಿ ಮದುವೆ. ಗಣತಿಯ ಪ್ರಕಾರ ಅವಳು ಮದುವೆಗಾಗಿ ವಲಸೆ ಬಂದವಳು. ಅವಳನ್ನೇ ಕೇಳಿದರೆ, ವಲಸೆಗಾಗಿ ಮದುವೆಯಾದೆ ಎಂದು ಹೇಳಿದರೂ ಹೇಳಿಯಾಳು.

ಆಸೆ ಎಂಬುದು ವಲಸೆಯ ಹಿಂದಿದೆ ಎಂದು ಮೊದಲು ಹೇಳಿದವರು ಹೊಸಬರೇನಲ್ಲ. ಜರ್ಮನಿಯಲ್ಲಿ ಹುಟ್ಟಿ ಇಂಗ್ಲೆಂಡಿನಲ್ಲಿ ನೆಲೆಸಿದ ಭೂಗೋಳಜ್ಞ ರಾವೆನ್‌ಸ್ಟೈನ್ 1885ರಲ್ಲಿ ಬ್ರಿಟನ್ನಿನ ಗಣತಿ ಹಿಡಿದುಕೊಂಡು ವಲಸೆಯ ನಿಯಮಗಳು ಎಂಬ ಲೇಖನ ಬರೆದರು. ಬದುಕನ್ನು ಸುಧಾರಿಸಿಕೊಳ್ಳುವ ಬಯಕೆಯೇ ಎಲ್ಲಕ್ಕಿಂತ ದೊಡ್ಡ ಕಾರಣ ಎಂದು 1889ರ ಮುಂದಿನ ಭಾಗದಲ್ಲಿ ಹೇಳಿದರು. ಹೇಳಿದರೇ ಹೊರತು ಅಳೆಯಲಿಲ್ಲ. ಆ ಕಾಲದ ಗಣತಿಯಲ್ಲಿ ಬಯಕೆ ಕೇಳುವ ಪದ್ಧತಿಯೇ ಇರಲಿಲ್ಲ. 1969ರಲ್ಲಿ ಮೈಕೇಲ್ ಟೊಡಾರೊ ಒಂದು ಹೆಜ್ಜೆ ಮುಂದೆ ಹೋದರು. ಪಟ್ಟಣದಲ್ಲಿ ಕೆಲಸವೇ ಸಿಗುತ್ತಿಲ್ಲ ಎಂದು ಗೊತ್ತಿದ್ದೂ ಹಳ್ಳಿಯವರು ಯಾಕೆ ಬರುತ್ತಲೇ ಇರುತ್ತಾರೆ ಎಂಬುದು ಅವರ ಪ್ರಶ್ನೆ. ಅವರ ಉತ್ತರ ಸರಳ. ಇವತ್ತು ಕೈಗೆ ಸಿಗುವ ಸಂಬಳ ನೋಡಿ ಯಾರೂ ಹೊರಡುವುದಿಲ್ಲ. ಮುಂದೆ ಸಿಗಬಹುದಾದ ಸಂಬಳ, ಅದು ಸಿಗುವ ಸಾಧ್ಯತೆ ಎಷ್ಟು, ಇವೆರಡನ್ನೂ ಗುಣಿಸಿ ನೋಡಿ ಹೊರಡುತ್ತಾರೆ. ಆಸೆಗೆ ಮೊದಲ ಬಾರಿ ಒಂದು ಲೆಕ್ಕದ ರೂಪ ಸಿಕ್ಕಿತು. ಆದರೆ ಅದು ಪೂರಾ ರೂಪಾಯಿಯ ಲೆಕ್ಕ. ಮುಂಬೈಯ ಉಡುಪಿ ಹೋಟೆಲುಗಳಲ್ಲಿ ಹಗಲು ಲೋಟ ತೊಳೆದು ರಾತ್ರಿ ಕನ್ನಡ ರಾತ್ರಿಶಾಲೆಗಳಲ್ಲಿ ಓದಿದ ಕರಾವಳಿಯ ಹುಡುಗರು ಈ ಗುಣಾಕಾರಕ್ಕೆ ಸಿಗುವುದು ಕಷ್ಟ. ಆ ಹುಡುಗರಲ್ಲಿ ಮುಂದೆ ವಕೀಲರಾದವರು, ಹೋಟೆಲು ಮಾಲೀಕರಾದವರು ಇದ್ದಾರೆ. ಅವರ ಆಸೆ ಸಂಬಳದಲ್ಲಿರಲಿಲ್ಲ, ಕಪ್ಪುಹಲಗೆಯ ಮುಂದಿತ್ತು.

ಸರಿ, ನೇರವಾಗಿ ಕೇಳಿಬಿಟ್ಟರೆ? ಗ್ಯಾಲಪ್ ಸಂಸ್ಥೆ ಜಗತ್ತಿನ ನೂರಕ್ಕೂ ಹೆಚ್ಚು ದೇಶಗಳಲ್ಲಿ ಹಾಗೆಯೇ ಕೇಳುತ್ತದೆ. ಅವಕಾಶ ಸಿಕ್ಕರೆ ಬೇರೆ ದೇಶಕ್ಕೆ ಹೋಗಿ ಕಾಯಮ್ಮಾಗಿ ನೆಲೆಸಲು ಇಷ್ಟವೇ, ಇಲ್ಲೇ ಇರಲು ಇಷ್ಟವೇ ಎಂಬುದು ಪ್ರಶ್ನೆ. ಕಳೆದ ದಶಕದಲ್ಲಿ ಹೋಗುತ್ತೇನೆ ಎಂದವರು ಜಗತ್ತಿನ ವಯಸ್ಕರಲ್ಲಿ ಶೇ 14ರ ಆಸುಪಾಸು, ಅಂದರೆ ಸುಮಾರು 71 ಕೋಟಿ. ಈ ಅಂಕಿ ಬಂದಾಗಲೆಲ್ಲ ಯುರೋಪಿನ ಪತ್ರಿಕೆಗಳಲ್ಲಿ ಗಾಬರಿ. ಆದರೆ ಸಮೀಕ್ಷೆ ಅಲ್ಲಿಗೇ ನಿಲ್ಲುವುದಿಲ್ಲ. ಮುಂದಿನ ಹನ್ನೆರಡು ತಿಂಗಳಲ್ಲಿ ಹೋಗುವ ಯೋಜನೆ ಇದೆಯೇ ಎಂದು ಕೇಳಿದಾಗ 2010–15ರ ಅವಧಿಯಲ್ಲಿ ಹೌದು ಎಂದವರು ಸುಮಾರು 6.6 ಕೋಟಿ. ವೀಸಾಕ್ಕೆ ಅರ್ಜಿ, ಟಿಕೆಟು, ಹಣದ ಹೊಂದಾಣಿಕೆ ಹೀಗೆ ತಯಾರಿ ನಡೆಸಿದ್ದೀರಾ ಎಂದರೆ 2.3 ಕೋಟಿ. ಮೇಲಿನ ಬಯಕೆಯಿಂದ ಕೆಳಗಿನ ತಯಾರಿಗೆ ಬರುವಷ್ಟರಲ್ಲಿ ಮೂವತ್ತರಲ್ಲಿ ಒಬ್ಬ ಉಳಿದ. ತಯಾರಿ ನಡೆಸಿದವರ ಸಂಖ್ಯೆಗೂ ನಿಜಕ್ಕೂ ಗಡಿ ದಾಟಿದವರ ಸಂಖ್ಯೆಗೂ ಒಳ್ಳೆಯ ತಾಳೆ ಇದೆ ಎಂದು ಆಮೇಲಿನ ಅಧ್ಯಯನಗಳು ತೋರಿಸಿವೆ. ಹಾಗಾದರೆ ಉಳಿದ ಅರವತ್ತೆಂಟು ಚಿಲ್ಲರೆ ಕೋಟಿ ಜನ ಹೇಳಿದ್ದು ಸುಳ್ಳೇ?

ಇಲ್ಲಿ ನಾರ್ವೆಯ ಯೋರ್ಗನ್ ಕಾರ್ಲಿಂಗ್ ಎಂಬ ಭೂಗೋಳಜ್ಞನ ಹೆಸರು ಹೇಳಲೇಬೇಕು. ಆಫ್ರಿಕಾದ ಪಶ್ಚಿಮಕ್ಕೆ, ಅಟ್ಲಾಂಟಿಕ್ ಸಾಗರದ ನಡುವೆ ಕೇಪ್ ವರ್ಡೆ ಎಂಬ ದ್ವೀಪರಾಷ್ಟ್ರವಿದೆ. ಹತ್ತು ದ್ವೀಪ, ಕಡಿಮೆ ಮಳೆ, ಪೀಳಿಗೆಗಳಿಂದ ಹೊರಗೆ ಹೋಗಿಯೇ ಬದುಕಿದ ಜನ. ಯುರೋಪ್ ಬಾಗಿಲು ಹಾಕಿಕೊಂಡ ಮೇಲೆ ಅಲ್ಲಿನ ಯುವಕರು ಮನಸ್ಸಿನಲ್ಲಿ ಹೊರಟು ಕೂತಿದ್ದರು, ದೇಹದಲ್ಲಿ ಊರಿನಲ್ಲೇ ಇದ್ದರು. 2002ರಲ್ಲಿ ಪ್ರಕಟವಾದ ಲೇಖನದಲ್ಲಿ ಕಾರ್ಲಿಂಗ್ ಹೇಳಿದ್ದು ಇಷ್ಟೇ: ಹೊರಡುವ ಹಂಬಲ ಬೇರೆ, ಹೊರಡುವ ಶಕ್ತಿ ಬೇರೆ, ಎರಡನ್ನೂ ಬೇರೆ ಬೇರೆಯಾಗಿ ಅಳೆಯಿರಿ. ಹಂಬಲವೂ ಶಕ್ತಿಯೂ ಇದ್ದವನು ವಲಸಿಗ. ಹಂಬಲ ಇದ್ದು ಶಕ್ತಿ ಇಲ್ಲದವನು ಒಲ್ಲದ ಮನಸ್ಸಿನಿಂದ ಊರಿನಲ್ಲಿ ಉಳಿದವನು. ಶಕ್ತಿ ಇದ್ದೂ ಹಂಬಲವಿಲ್ಲದವನು ತನ್ನಿಷ್ಟದಿಂದ ಉಳಿದವನು. ಗಣತಿಯ ಪುಸ್ತಕದಲ್ಲಿ ಕೊನೆಯ ಇಬ್ಬರೂ ಒಂದೇ. ವಲಸೆ ಹೋಗದವರು, ಅಷ್ಟೆ. ಕಾರ್ಲಿಂಗ್ ಬರುವವರೆಗೆ ವಲಸೆಯ ಅಧ್ಯಯನ ಎಂದರೆ ಬಹುಮಟ್ಟಿಗೆ ಹೊರಟವರ ಅಧ್ಯಯನವಾಗಿತ್ತು. ಹೊರಡದವರನ್ನು ಕೇಳದೆ ಹಂಬಲ ಎಷ್ಟು ಕೆಲಸ ಮಾಡಿತು ಎಂದು ಹೇಳಲು ಬರುವುದೇ ಇಲ್ಲ.

ನಮ್ಮ ರಾಜ್ಯಕ್ಕೆ ಈ ಅಳತೆ ಹಿಡಿದರೆ ವಿಚಿತ್ರವೊಂದು ಕಾಣುತ್ತದೆ. ತಲಾ ಆದಾಯದಲ್ಲಿ ಬೆಂಗಳೂರು ನಗರದ ನಂತರದ ಸ್ಥಾನ ದಕ್ಷಿಣ ಕನ್ನಡದ್ದು. ಬ್ಯಾಂಕುಗಳು ಹುಟ್ಟಿದ ಜಿಲ್ಲೆ, ಕಾಲೇಜು ಆಸ್ಪತ್ರೆಗಳಿಗೆ ಕೊರತೆಯಿಲ್ಲದ ಜಿಲ್ಲೆ. ದುಬೈ, ಕುವೈತ್, ಮಸ್ಕತ್‌ಗೆ ಸಾಲುಗಟ್ಟಿ ಹೋಗುವವರೂ ಅಲ್ಲಿಯವರೇ. ರಾಯಚೂರು, ಯಾದಗಿರಿ, ಕಲಬುರಗಿಯ ಬಡವ ಅಷ್ಟು ದೂರ ಹೋಗುವುದಿಲ್ಲ. ಬೆಂಗಳೂರು, ಪುಣೆ, ಹೈದರಾಬಾದ್, ಗೋವಾ, ಅಲ್ಲಿಗೆ ಮುಗಿಯಿತು. ಬಡತನವೇ ವಲಸೆಯ ಕಾರಣವಾಗಿದ್ದರೆ ಇದು ತಿರುಗುಮುರುಗಾಗಬೇಕಿತ್ತು. ಹೈನ್ ಡಿ ಹಾಸ್ ಎಂಬ ಡಚ್ ಸಮಾಜಶಾಸ್ತ್ರಜ್ಞ ಬಹಳ ವರ್ಷಗಳಿಂದ ಹೇಳುತ್ತಿರುವುದೂ ಇದನ್ನೇ: ಬಡ ನಾಡು ಸ್ವಲ್ಪ ಮುಂದೆ ಬಂದಾಗ ವಲಸೆ ತಗ್ಗುವುದಿಲ್ಲ, ಹೆಚ್ಚುತ್ತದೆ. ಓದು ಬಂದರೆ ಆಸೆ ಬೆಳೆಯುತ್ತದೆ, ಕೈಯಲ್ಲಿ ಕಾಸು ಬಂದರೆ ಶಕ್ತಿ ಬೆಳೆಯುತ್ತದೆ. ಗುಳೆ ತಡೆಯುತ್ತೇವೆ ಎಂದು ಪ್ರತಿ ಚುನಾವಣೆಯಲ್ಲೂ ಭಾಷಣ ಮಾಡುವವರು ಇದನ್ನು ಒಮ್ಮೆ ಯೋಚಿಸಬೇಕು. ಊರಿಗೆ ಒಳ್ಳೆಯ ಕಾಲೇಜು ಬಂದರೆ ಅಲ್ಲಿ ಓದಿದ ಮಕ್ಕಳು ಊರಲ್ಲೇ ಉಳಿಯುತ್ತಾರೆಂದು ಯಾರು ಹೇಳಿದರು?

ಹಾಗಾದರೆ ಆಸೆ ಎಲ್ಲಿಂದ ಬರುತ್ತದೆ? ಅರ್ಥಶಾಸ್ತ್ರಜ್ಞ ದೇಬರಾಜ್ ರೇ ಇದಕ್ಕೆ ಕೊಟ್ಟ ವಿವರಣೆ ನನಗೆ ಹೆಚ್ಚು ನಂಬಿಕೆ ಹುಟ್ಟಿಸಿದೆ. ಮನುಷ್ಯ ತನ್ನ ಆಸೆಯನ್ನು ಶೂನ್ಯದಿಂದ ತೆಗೆಯುವುದಿಲ್ಲ, ತನ್ನಂಥವರ ಬದುಕನ್ನು ನೋಡಿ ಕಟ್ಟಿಕೊಳ್ಳುತ್ತಾನೆ. ಅಂಬಾನಿ ಮನೆ ನೋಡಿ ಯಾರೂ ಗುಳೆ ಹೋಗುವುದಿಲ್ಲ. ಓಣಿಯ ಪಕ್ಕದ ಮನೆಯವನು ಬೆಂಗಳೂರಿಗೆ ಹೋಗಿ ಬಂದು ಮಣ್ಣಿನ ಮನೆ ಕೆಡವಿ ಸ್ಲ್ಯಾಬ್ ಹಾಕಿಸಿದರೆ ಆಗ ಕಾಲು ಕಿತ್ತುಕೊಳ್ಳುತ್ತದೆ. ಇರುವ ಬದುಕಿಗೂ ಬಯಸುವ ಬದುಕಿಗೂ ಅಂತರ ತೀರಾ ಕಡಿಮೆಯಿದ್ದರೆ ಪ್ರಯತ್ನವೇ ಬೇಕಿಲ್ಲ. ತೀರಾ ಹೆಚ್ಚಾದರೆ ಮನುಷ್ಯ ಕೈಚೆಲ್ಲುತ್ತಾನೆ. ನಡುವೆ ಇದ್ದಾಗ ಗಂಟುಮೂಟೆ ಕಟ್ಟುತ್ತಾನೆ. ಮುಂಬೈಯಲ್ಲಿ ಹುಟ್ಟಿದ ಮಾನವಶಾಸ್ತ್ರಜ್ಞ ಅರ್ಜುನ್ ಅಪ್ಪಾದುರೈ 2004ರಲ್ಲಿ ಇನ್ನೊಂದು ಮಾತು ಸೇರಿಸಿದರು: ಆಸೆ ಪಡುವುದೇ ಒಂದು ಸಾಮರ್ಥ್ಯ, ಮತ್ತು ಅದು ಎಲ್ಲರಿಗೂ ಸಮನಾಗಿ ಹಂಚಿಕೆಯಾಗಿಲ್ಲ. ನಿಮಗೆ ಏನು ಬೇಕು ಎಂದು ಬಡವನನ್ನು ಕೇಳಿದಾಗ ಅವನು ಹೇಳುವುದು ಅವನು ಕಂಡ ದಾರಿಗಳಷ್ಟನ್ನೇ. ಸಮೀಕ್ಷೆಯ ಹಾಳೆಯಲ್ಲಿ ಚಿಕ್ಕದಾಗಿ ಕಾಣುವ ಆಸೆ, ನೋಡಿದ ಲೋಕ ಚಿಕ್ಕದು ಎಂಬುದರ ಗುರುತಾಗಿರಬಹುದು.

ಪತ್ರ ಬರೆಯುವ ಹಿರಿಯರ ಇನ್ನೊಂದು ದೂರು, ಹುಡುಗರು ಪಟ್ಟಣದ ಥಳುಕಿಗೆ ಮರುಳಾಗಿದ್ದಾರೆ, ಇಲ್ಲದ್ದನ್ನು ಊಹಿಸಿಕೊಂಡು ಹೋಗುತ್ತಾರೆ ಎಂಬುದು. ಇದನ್ನು ಪರೀಕ್ಷಿಸಲು ಒಂದು ಸುಂದರ ಅವಕಾಶ ಪೆಸಿಫಿಕ್ ಸಾಗರದ ಟೋಂಗಾದಲ್ಲಿ ಸಿಕ್ಕಿತು. ನ್ಯೂಜಿಲೆಂಡ್ ಸರ್ಕಾರ ಅಲ್ಲಿನವರಿಗೆ ವರ್ಷಕ್ಕೆ 250 ಮಂದಿಯ ಮಿತಿಯಲ್ಲಿ ನೆಲೆಸಲು ಅನುಮತಿ ಕೊಡುತ್ತಿತ್ತು. ಅರ್ಜಿ ಹೆಚ್ಚಿದ್ದರಿಂದ ಚೀಟಿ ಎತ್ತುತ್ತಿದ್ದರು. ಸಂಶೋಧಕರಿಗೆ ಇದಕ್ಕಿಂತ ಬೇಕಾದ್ದೇನು? ಅರ್ಜಿ ಹಾಕಿದವರೆಲ್ಲರ ಹಂಬಲ ಒಂದೇ. ಹೋದವರಿಗೂ ಉಳಿದವರಿಗೂ ಇದ್ದ ವ್ಯತ್ಯಾಸ ಚೀಟಿಯದ್ದು. ಮೆಕೆಂಜಿ, ಗಿಬ್ಸನ್, ಸ್ಟಿಲ್‌ಮನ್ ಎಂಬ ಮೂವರು ಎರಡೂ ಗುಂಪುಗಳನ್ನು ಹೋಲಿಸಿ ನೋಡಿದಾಗ, ಹೋದವರ ದುಡಿಮೆಯ ಆದಾಯ ಶೇ 263ರಷ್ಟು ಏರಿತ್ತು. ಅಚ್ಚರಿ ಮುಂದಿನದು. ಹೊರಡುವ ಮುನ್ನ ಅಲ್ಲಿ ಎಷ್ಟು ಸಿಗಬಹುದು ಎಂದು ಕೇಳಿದಾಗ ಅರ್ಜಿದಾರರು, ಅದರಲ್ಲೂ ಗಂಡಸರು, ನಿಜಕ್ಕೂ ಸಿಗುವುದಕ್ಕಿಂತ ಕಡಿಮೆ ಹೇಳಿದ್ದರು. ಥಳುಕಿಗೆ ಮರುಳಾಗುವುದು ಹಾಗಿರಲಿ, ಸಿಗುವುದನ್ನೂ ಪೂರ್ತಿ ನಂಬಿರಲಿಲ್ಲ. ಒಂದು ದ್ವೀಪರಾಷ್ಟ್ರದ ಫಲಿತಾಂಶವನ್ನು ಎಲ್ಲೆಡೆಗೂ ಹಚ್ಚುವಂತಿಲ್ಲ, ನಿಜ. ಆದರೆ ಹಳ್ಳಿಯ ಹುಡುಗ ಮರುಳ ಎಂದು ತೀರ್ಮಾನಿಸುವ ಮೊದಲು ನಾವೂ ಸ್ವಲ್ಪ ತಡೆಯಬಹುದು.

ಬಾಂಗ್ಲಾದೇಶದ ರಂಗಪುರ ಭಾಗದಲ್ಲಿ ನಡೆದ ಪ್ರಯೋಗ ಇನ್ನೂ ನಮ್ಮ ಹತ್ತಿರದ್ದು. ಅಲ್ಲಿ ಭತ್ತದ ಕೊಯ್ಲಿಗೆ ಮುಂಚಿನ ತಿಂಗಳುಗಳಲ್ಲಿ ಕೂಲಿಯೂ ಇಲ್ಲ, ಕೂಳೂ ಇಲ್ಲ. ಆ ಕಾಲಕ್ಕೆ ಅವರು ಮಂಗಾ ಎನ್ನುತ್ತಾರೆ. ಪಟ್ಟಣದಲ್ಲಿ ಕೆಲಸ ಇದ್ದರೂ ಬಹಳ ಜನ ಹೋಗುತ್ತಿರಲಿಲ್ಲ. 2008ರಲ್ಲಿ ಬ್ರಯನ್, ಚೌಧರಿ, ಮುಬಾರಕ್ ಎಂಬ ಅರ್ಥಶಾಸ್ತ್ರಜ್ಞರು ಕೆಲವು ಮನೆಗಳಿಗೆ ಬಸ್ ಚಾರ್ಜು, ಒಂದೆರಡು ದಿನದ ಊಟಕ್ಕೆ ಸಾಕಾಗುವಷ್ಟು, 600 ಟಾಕಾ ಕೊಟ್ಟರು. ಕೊಡದ ಮನೆಗಳಲ್ಲಿ ನೂರಕ್ಕೆ 36 ಮನೆಯವರು ಹೋಗಿದ್ದರೆ, ಕೊಟ್ಟ ಕಡೆ 58. ಹೊರಟವರ ಮನೆಯಲ್ಲಿ ಊಟ ಬಟ್ಟೆಯ ಖರ್ಚು ಮೂರನೇ ಒಂದು ಭಾಗದಷ್ಟು ಏರಿತು. ಮುಂದಿನ ವರ್ಷ ಹಣ ಕೊಡದಿದ್ದರೂ ಅವರಲ್ಲಿ ಹಲವರು ಮತ್ತೆ ಹೋದರು. ಆಸೆ ಮೊದಲಿನಿಂದಲೂ ಇತ್ತು. ಹೋಗಿ ಕೆಲಸ ಸಿಗದಿದ್ದರೆ ಬಸ್ ಚಾರ್ಜೂ ಹೋಯಿತಲ್ಲ ಎಂಬ ಭಯ ಅದರ ಮೇಲೆ ಕೂತಿತ್ತು. ಇದನ್ನೇ ದೊಡ್ಡ ಪ್ರಮಾಣದಲ್ಲಿ ಹಬ್ಬಿಸಲು ಹೋದಾಗ 2017ರಲ್ಲಿ ಅದೇ ಫಲ ಬರಲಿಲ್ಲ. 2019ರಲ್ಲಿ ಯೋಜನೆ ನಿಂತೇಹೋಯಿತು. ನೂರು ಹಳ್ಳಿಗಳಲ್ಲಿ ಸರಿಯಾಗಿ ಬಂದ ಲೆಕ್ಕ ಸಾವಿರಾರು ಹಳ್ಳಿಗಳಲ್ಲಿ ಕೈಕೊಡುವುದು ಹೊಸದಲ್ಲ, ಅದಕ್ಕಾಗಿ ಮೊದಲ ಪಾಠ ಸುಳ್ಳಾಗುವುದೂ ಇಲ್ಲ.

ನಮ್ಮ ದೆಹಲಿಯವರು ಈ ನಡುವೆ ಬೇರೆಯೇ ದಾರಿ ಹಿಡಿದಿದ್ದಾರೆ. 2016–17ರ ಆರ್ಥಿಕ ಸಮೀಕ್ಷೆ ರೈಲ್ವೆಯ ಕಾಯ್ದಿರಿಸದ ಟಿಕೆಟುಗಳನ್ನು ಎಣಿಸಿ, ವರ್ಷಕ್ಕೆ ಸರಾಸರಿ 90 ಲಕ್ಷದಷ್ಟು ಜನ ಕೆಲಸಕ್ಕಾಗಿ ರಾಜ್ಯ ದಾಟುತ್ತಾರೆ ಎಂದು ಅಂದಾಜು ಮಾಡಿತು. ಪ್ರಧಾನಿಯವರ ಆರ್ಥಿಕ ಸಲಹಾ ಮಂಡಳಿ 2024ರ ಕೊನೆಗೆ ಹೊರತಂದ ವರದಿ ರೈಲು ಟಿಕೆಟಿನ ಜೊತೆಗೆ ಮೊಬೈಲ್ ರೋಮಿಂಗ್, ಜಿಲ್ಲಾವಾರು ಬ್ಯಾಂಕ್ ಅಂಕಿ ಎಲ್ಲವನ್ನೂ ಸೇರಿಸಿ, 2023ಕ್ಕೆ ದೇಶದೊಳಗಿನ ವಲಸಿಗರು 40.2 ಕೋಟಿ, 2011ಕ್ಕಿಂತ ಶೇ 12ರಷ್ಟು ಕಡಿಮೆ ಎಂದು ಹೇಳಿತು. ವರದಿಯ ಹೆಸರು 'ನಲವತ್ತು ಕೋಟಿ ಕನಸುಗಳು' ಎಂಬರ್ಥದ್ದು. ಒಳಗೆ ಕನಸಿನ ಸುಳಿವೇ ಇಲ್ಲ, ಎಲ್ಲ ಟಿಕೆಟೇ. ಜನ ಕಡಿಮೆ ಹೊರಡುತ್ತಿರುವುದು ಊರಿನಲ್ಲೇ ಅವಕಾಶ ಹೆಚ್ಚಿರುವುದರಿಂದ ಇರಬಹುದು ಎಂಬುದು ಅದರ ಊಹೆ. ಇರಬಹುದು. ಕಾರ್ಲಿಂಗ್ ಆಗಿದ್ದರೆ ಕೇಳುತ್ತಿದ್ದ ಪ್ರಶ್ನೆ ಬೇರೆ: ಉಳಿದವರು ಇಷ್ಟಪಟ್ಟು ಉಳಿದರೋ, ಪಟ್ಟಣದ ಬಾಡಿಗೆಗೆ ಹೆದರಿ ಉಳಿದರೋ? ಟಿಕೆಟು ಕೊಳ್ಳದವನ ಮನಸ್ಸು ರೈಲ್ವೆಯ ಕಂಪ್ಯೂಟರಿನಲ್ಲಿ ಇರುವುದಿಲ್ಲ.

ಮೇಷ್ಟ್ರಿಗೂ ಲಿಂಗಸುಗೂರಿನ ಯುವಕನಿಗೂ ನನ್ನ ಉತ್ತರ ಹೀಗಿದೆ. ಹೊಟ್ಟೆ ಮತ್ತು ಆಸೆ ಎಂದು ಎರಡು ಖಾನೆ ಮಾಡುವುದೇ ತಪ್ಪು. ಬಡವನಿಗೆ ಹೊಟ್ಟೆ, ಉಳ್ಳವನಿಗೆ ಆಸೆ ಎಂದು ಹಂಚಿಕೊಟ್ಟವರು ನಾವು, ಬರೆಯುವವರು. ಐಟಿ ಕೆಲಸಕ್ಕೆ ಹೋದವನ ಹಿಂದೆ ತೋಟದಲ್ಲಿ ಕೊಳೆರೋಗ ಬಂದು ಅಡಿಕೆ ಉದುರಿದ ವರ್ಷಗಳ ಹೆದರಿಕೆಯೂ ಇರುತ್ತದೆ. ಗಾರೆ ಹೊರಲು ಹೋದವಳ ಮುಂದೆ ಮಗಳ ಬಿಳಿ ಸಮವಸ್ತ್ರವೂ ಇರುತ್ತದೆ. ಎರಡನ್ನೂ ಕೇಳುವ ಪ್ರಶ್ನೆಪತ್ರಿಕೆ ಮಾಡುವುದು ಕಷ್ಟದ ಕೆಲಸವೇನಲ್ಲ. ಒಂದರ ಬದಲು ಮೂರು ಕಾರಣ ಬರೆದುಕೊಳ್ಳಲಿ. ಹೊರಟವರನ್ನು ಕೇಳಿದ್ದನ್ನೇ ಉಳಿದವರನ್ನೂ ಕೇಳಲಿ. ಐದು ವರ್ಷದ ನಂತರ ಅದೇ ಮನೆಗೆ ಹೋಗಿ, ಅಂದುಕೊಂಡದ್ದು ಎಷ್ಟು ಆಯಿತು ಎಂದು ನೋಡಲಿ. ಪಕ್ಕದ ಕೇರಳದಲ್ಲಿ 1998ರಿಂದ ಕೆಲವು ವರ್ಷಗಳಿಗೊಮ್ಮೆ ವಲಸೆ ಸಮೀಕ್ಷೆ ನಡೆಯುತ್ತ ಬಂದಿದೆ. ಹೊರದೇಶಕ್ಕೆ ಓದಲು ಹೋಗುವವರ ಸಂಖ್ಯೆ 2018ರಿಂದ 2023ಕ್ಕೆ ಸುಮಾರು ಎರಡು ಪಟ್ಟಾದದ್ದು ಅವರಿಗೆ ಗೊತ್ತಾದದ್ದು ಹಾಗೆ. ಕರ್ನಾಟಕಕ್ಕೂ ಅಂಥದ್ದೊಂದು ಬೇಕು.

ಕೇಂದ್ರ ಸಾಂಖ್ಯಿಕ ಸಚಿವಾಲಯ 2026ರ ಜುಲೈಯಿಂದ ಒಂದು ವರ್ಷ ದೇಶದಾದ್ಯಂತ ವಲಸೆ ಸಮೀಕ್ಷೆ ನಡೆಸುವುದಾಗಿ ಪ್ರಕಟಿಸಿದೆ. ಅಂಥ ಪ್ರತ್ಯೇಕ ಸಮೀಕ್ಷೆ ಹಿಂದೆ ನಡೆದದ್ದು 2007–08ರಲ್ಲಿ. 2027ರ ಜನಗಣತಿಯೂ ಇದೆ. ಯಾರಾದರೂ ನಿಮ್ಮ ಬಾಗಿಲಿಗೆ ಬಂದು ಯಾಕೆ ಬಂದಿರಿ ಎಂದು ಕೇಳಿದರೆ, ದಯವಿಟ್ಟು ಹೊಟ್ಟೆಪಾಡು ಎಂದು ಒಂದೇ ಮಾತಿನಲ್ಲಿ ಮುಗಿಸಬೇಡಿ. ಮತ್ತು ಮನೆಯಾಕೆ ಯಾಕೆ ಬಂದರು ಎಂಬುದಕ್ಕೆ ಗಂಡಸರು ಉತ್ತರ ಕೊಡಬೇಡಿ, ಅವರನ್ನೇ ಕರೆಯಿರಿ.